ಹೋಗುವವರ ಪಟ್ಟಿ

2024ರ ಏಪ್ರಿಲ್. ಕಂಠೀರವದಲ್ಲಿ ಮೋಹನ್ ಬಗಾನ್ ಕೈಲಿ 4-0 ಹೊಡೆತ ತಿಂದು ಹೊರಗೆ ಬಂದೆವು. ಹನ್ನೆರಡು ತಂಡಗಳ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲಿನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಆ ಸಲ ಹತ್ತನೆಯದು. ಯಾರೂ ಮಾತಾಡಲಿಲ್ಲ. ಸಂಪಂಗಿರಾಮನಗರದ ಕಡೆ ನಡೆದು, ಇನ್ನೂ ಬಾಗಿಲು ಹಾಕದ ಒಂದು ದರ್ಶಿನಿಗೆ ನುಗ್ಗಿದೆವು. ನಾನು, ನನ್ನ ಸೋದರಮಾವ, ಮಾವನ ಮಗಳು, ಮತ್ತೆ ನನ್ನ ಆಫೀಸಿನ ಹಾಸನದ ಗೆಳೆಯ. ದೋಸೆ ಹೊಟ್ಟೆಗೆ ಬಿದ್ದ ಮೇಲೆ ಎಲ್ಲರಿಗೂ ಬಾಯಿ ಬಂತು.

ಮಾವನ ಮಗಳು ಕ್ಯಾಷಿಯರ್ ಹತ್ತಿರ ಪೆನ್ ಇಸ್ಕೊಂಡು ಬಂದಳು. ನಾಲ್ಕು ಜನ ತಿಂದಿದ್ದರಿಂದ ಬಿಲ್ ಒಳ್ಳೆ ಉದ್ದ ಇತ್ತು. ಅದನ್ನು ಮಗುಚಿ, ನಿಂತೇ ತಿನ್ನುವ ಆ ಕಲ್ಲಿನ ಟೇಬಲ್ ಮೇಲೆ, ಸಾಂಬಾರ್ ಒರೆಸಿದ ಜಾಗದಲ್ಲಿಟ್ಟು ಎರಡು ಗೀಟು ಎಳೆದಳು. ಮೂರು ಕಾಲಂ ಆಯಿತು. ಎಡಗಡೆ 'ಇರಬೇಕು'. ಮಧ್ಯೆ 'ಹೋಗಬೇಕು'. ಬಲಗಡೆ 'ಬರಬೇಕು'.

ಬಲಗಡೆಯದು ಜಾಗ, ಅದರ ಪಕ್ಕ ಹೆಸರು ಅಂತ ಐದು ನಿಮಿಷಕ್ಕೆ ತುಂಬಿಹೋಯಿತು. ಒಳ್ಳೆ ಫಾರಿನ್ ಸ್ಟ್ರೈಕರ್ ಬೇಕು. ಮಿಡ್‌ಫೀಲ್ಡಿನಲ್ಲಿ ಚೆಂಡು ಹಿಡಿದು ತಲೆ ಎತ್ತಿ ನೋಡುವವನು ಬೇಕು. ಸೆಂಟರ್ ಬ್ಯಾಕ್ ಒಬ್ಬ ಅಲ್ಲ, ಇಬ್ಬರು ಬೇಕು. ಹಾಸನದ ಗೆಳೆಯ ಇನ್ನೂ ಹೇಳುತ್ತಲೇ ಇದ್ದ, ಮದುವೆ ಸಾಮಾನಿನ ಪಟ್ಟಿ ಬರೆಸುವ ಹಾಗೆ. ಎಡಗಡೆಯದೂ ಪರವಾಗಿಲ್ಲ, ಏಳೆಂಟು ಹೆಸರು ಬಿದ್ದವು. ಮಧ್ಯದ ಕಾಲಂಗೆ ಬಂದಾಗ ಮಾತ್ರ ಎಲ್ಲರೂ ಕಾಫಿ ಲೋಟ ಎತ್ತಿಕೊಂಡರು. ಕೊನೆಗೆ ಅಲ್ಲಿ ಬರೆದಿದ್ದೆಲ್ಲ ಫಾರಿನ್ ಆಟಗಾರರ ಹೆಸರು. ವರ್ಷ ಕೂಡ ಇಲ್ಲಿ ಇರದವರು, ನಾವು ಸರಿಯಾಗಿ ಮುಖ ಕೂಡ ನೆನಪಿಟ್ಟುಕೊಳ್ಳದವರು.

ಸೀಸನ್ ಮುಗಿದ ಮೇಲೆ ಪ್ರತಿ ವರ್ಷ ಇದೇ ಕಥೆ. ಯಾರು ಬರಬೇಕು ಅಂತ ಎಷ್ಟು ಗಂಟೆ ಬೇಕಾದರೂ ಮಾತಾಡುತ್ತೇವೆ, ಖರ್ಚೇನೂ ಇಲ್ಲ ಅಲ್ವಾ. ಯಾರು ಹೋಗಬೇಕು ಅನ್ನುವ ಪ್ರಶ್ನೆ ಬಂದರೆ ಮೈ ಪರಚಿಕೊಳ್ಳುತ್ತೇವೆ. ಆದರೆ ನಿಜವಾದ ಪ್ಲಾನ್ ಇರುವುದು ಆ ಮಧ್ಯದ ಕಾಲಂನಲ್ಲೇ ಅಂತ ನನಗೆ ಈಚೆಗೆ ಅನ್ನಿಸುತ್ತಿದೆ. ಒಬ್ಬ ಎದ್ದು ಹೋಗದೆ ಇನ್ನೊಬ್ಬ ಕೂರುವುದಕ್ಕೆ ಅಲ್ಲಿ ಕುರ್ಚಿ ಇಲ್ಲ.

ಕುರ್ಚಿ ಲೆಕ್ಕ ಹೇಳಿಬಿಡುತ್ತೇನೆ. ಐಎಸ್‌ಎಲ್‌ನಲ್ಲಿ ಒಂದು ತಂಡಕ್ಕೆ ಆರು ಫಾರಿನ್ ಆಟಗಾರರು, ಮೈದಾನದಲ್ಲಿ ಒಂದೇ ಸಲಕ್ಕೆ ನಾಲ್ಕೇ ಜನ. ಅಂದರೆ ಯಾವ ಹೊತ್ತಲ್ಲಿ ನೋಡಿದರೂ ಹನ್ನೊಂದರಲ್ಲಿ ಏಳು ಜನ ಭಾರತದವರು ಇರಲೇಬೇಕು. ನಾವೋ, ಸ್ಪೇನಿನಿಂದ ಯಾರು ಬರುತ್ತಾರೆ, ಅರ್ಜೆಂಟೀನಾದಿಂದ ಯಾರು ಬರುತ್ತಾರೆ ಅಂತ ಬಾಯಿ ಬಿಟ್ಟುಕೊಂಡು ಕಾಯುತ್ತೇವೆ. ಗೋಡೆ ಮೇಲಿನ ಕ್ಯಾಲೆಂಡರ್ ಥರ ಅವರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ತಂಡ ನಿಲ್ಲುವುದು ಬೀಳುವುದು ಆ ಏಳು ಜನರ ಮೇಲೆ. ಇನ್ನೂ ಒಂದು ತಮಾಷೆ ಇದೆ. ಎಲ್ಲ ಕ್ಲಬ್ಬುಗಳೂ ಫಾರಿನ್ ಕೋಟಾದಲ್ಲಿ ಮೊದಲು ಸ್ಟ್ರೈಕರನ್ನೇ ತರುತ್ತವೆ. ಹಾಗಾಗಿ ನಮ್ಮ ಹುಡುಗರಲ್ಲಿ ಒಂಬತ್ತನೇ ನಂಬರ್, ಅಂದರೆ ಸ್ಟ್ರೈಕರ್ ಆಟ ಆಡುವವರಿಗೆ ಜಾಗವೇ ಸಿಗುವುದಿಲ್ಲ, ವಿಂಗಿಗೆ ಹೋಗಿ ನಿಲ್ಲುತ್ತಾರೆ, ಇಲ್ಲ ಬೆಂಚಿನಲ್ಲಿ ಕೂರುತ್ತಾರೆ. ಆಮೇಲೆ ಎಲ್ಲರೂ ಸೇರಿ, ನಮ್ಮ ಕ್ಲಬ್ಬಿಗೂ ಭಾರತಕ್ಕೂ ಗೋಲು ಹೊಡೆಯುತ್ತಾ ಬಂದ ಸುನಿಲ್ ಛೆಟ್ರಿ ಹೆಸರು ತೆಗೆದು, 'ಛೆಟ್ರಿ ಆದಮೇಲೆ ಯಾರು' ಅಂತ ಅಳುತ್ತೇವೆ.

ಹಾಸನದ ಗೆಳೆಯನಿಗೆ ಇದೆಲ್ಲ ಹೊಸದು. ಅವನು ಆರ್‌ಸಿಬಿ ಕಡೆಯಿಂದ ಬಂದವನು. "ಹರಾಜು ಯಾವಾಗ?" ಅಂತ ಕೇಳಿದ ಆ ರಾತ್ರಿ. ಹರಾಜು ಇಲ್ಲ ಮಾರಾಯ ಅಂದೆ. ಐಪಿಎಲ್‌ನಲ್ಲಾದರೆ ಸುತ್ತಿಗೆ ಬೀಳುವುದನ್ನು ಟೀವಿಯಲ್ಲಿ ನೋಡಬಹುದು, ಬೈಯಬಹುದು. ಇಲ್ಲಿ ಎಲ್ಲವೂ ಮುಚ್ಚಿದ ಬಾಗಿಲ ಹಿಂದೆ. ಕಾಂಟ್ರಾಕ್ಟ್ ಮುಗಿದರೆ ಆಟಗಾರ ದುಡ್ಡು ಕಾಸಿನ ಮಾತಿಲ್ಲದೆ ಬೇರೆ ಕ್ಲಬ್ಬಿಗೆ ಹೋಗಬಹುದು. ಕೊನೆಯ ಆರು ತಿಂಗಳಲ್ಲಿ ಬೇರೆಯವರ ಜೊತೆ ಮಾತಾಡಿ ಸಹಿ ಕೂಡ ಹಾಕಬಹುದು, ನಿಯಮದಲ್ಲೇ ಇದೆ. ಅಂದರೆ ನಾವು ಮಾರ್ಚ್‌ನಲ್ಲಿ ಗಂಟಲು ಹರಿದುಕೊಂಡು ಯಾರ ಹೆಸರು ಕೂಗುತ್ತಿರುತ್ತೇವೋ ಅವನು ಜನವರಿಯಲ್ಲೇ ಇನ್ನೊಂದು ಊರಿನಲ್ಲಿ ಬಾಡಿಗೆ ಮನೆ ನೋಡಿರಬಹುದು. ಕೇಳಿ ಹಾಸನದವನು ದಂಗಾಗಿ ಹೋದ.

ಈಗ ನಮ್ಮ ಡಿಫೆಂಡರ್ ರಾಹುಲ್ ಭೇಕೆ ವಿಷಯಕ್ಕೆ ಬರುತ್ತೇನೆ. ಯಾಕಂದರೆ ನನಗೆ ನಾನೇ ಮಾಡಿಕೊಂಡ ಅವಮಾನ ಅದರಲ್ಲಿ ಜಾಸ್ತಿ ಇದೆ.

2019ರ ಮಾರ್ಚ್ 17, ಮುಂಬೈನಲ್ಲಿ ಫೈನಲ್, ಎದುರಿಗೆ ಗೋವಾ. 90 ನಿಮಿಷ ಆಯಿತು, ಗೋಲಿಲ್ಲ. ಎಕ್ಸ್‌ಟ್ರಾ ಟೈಮ್. ಎಲ್ಲರೂ ಪೆನಾಲ್ಟಿ ಶೂಟೌಟಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದಾಗ, 117ನೇ ನಿಮಿಷದಲ್ಲಿ, ಕಾರ್ನರ್‌ನಿಂದ ಬಂದ ಚೆಂಡಿಗೆ ಭೇಕೆ ತಲೆ ಕೊಟ್ಟ. ಅಷ್ಟೇ. ನಮಗೆ ಇವತ್ತಿನವರೆಗೂ ಇರುವ ಒಂದೇ ಒಂದು ಐಎಸ್‌ಎಲ್ ಕಪ್ ಅದು. ಅದಕ್ಕೆ ಒಂದು ವರ್ಷ ಹಿಂದೆ, ಸರಿಯಾಗಿ ಅದೇ ತಾರೀಖು, ಕಂಠೀರವದಲ್ಲೇ ನಡೆದ ಫೈನಲ್‌ನಲ್ಲಿ ಚೆನ್ನೈಯಿನ್ ಕೈಲಿ 3-2 ಸೋತಿದ್ದೆವು. ಆ ಗಾಯಕ್ಕೆಲ್ಲ ಭೇಕೆ ತಲೆಯೇ ಮುಲಾಮು.

2021ರಲ್ಲಿ ಅವನು ಮುಂಬೈ ಸಿಟಿಗೆ ಹೋದ. ಆ ಬೇಸಿಗೆ ನಮ್ಮ ಹಳೆಯ ಗುಂಪೇ ಕರಗಿತು. ಖಾಬ್ರಾ ಹೋದ, ಹುವಾನನ್ ಇಲ್ಲ, ಪಾರ್ಟಾಲು ಇಲ್ಲ, ದಿಮಾಸ್ ಇಲ್ಲ. ಕೋವಿಡ್ ಕಾರಣಕ್ಕೆ ಗೋವಾದ ಬಯೋಬಬಲ್ಲಿನಲ್ಲಿ ಆಡಿದ ಆ ಸೀಸನ್‌ನಲ್ಲಿ ತಂಡ ಏಳನೇ ಸ್ಥಾನಕ್ಕೆ ಬಿದ್ದಿತ್ತು, ಕಪ್ ಗೆಲ್ಲಿಸಿದ ಕೋಚ್ ಕಾರ್ಲೆಸ್ ಕ್ವಾದ್ರಾತ್ ಸೀಸನ್ ಮಧ್ಯದಲ್ಲೇ ಹೋಗಿದ್ದರು. ಮನೆಯಲ್ಲಿ ಕೂತು ಕೂತು ನಾನೂ ಜ್ಯೋತಿಷಿ ಆಗಿದ್ದೆ. ಭೇಕೆದು ಮುಗೀತು, ಸ್ಪೀಡ್ ಇಲ್ಲ, ಹೋಗಲಿ ಬಿಡಿ, ಹೊಸ ಹುಡುಗರಿಗೆ ಜಾಗ ಸಿಗುತ್ತೆ ಅಂತ ಮಾವನ ಮುಂದೆ ಭಾಷಣ ಮಾಡಿದ್ದೆ. ಮಾವ ಸುಮ್ನೆ ಕೇಳಿಸಿಕೊಂಡರು. ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಕೊಡುವ ಶೀಲ್ಡನ್ನು ಮುಂಬೈ 2022-23ರಲ್ಲಿ ಗೆದ್ದಾಗ ಭೇಕೆ ಅಲ್ಲಿದ್ದ. ನಾವು ಆ ದೋಸೆ ಬಿಲ್ ಮೇಲೆ ಗೀಚಿ ಒಂದು ತಿಂಗಳಾಗುವಷ್ಟರಲ್ಲಿ ಮುಂಬೈ ಕ್ಯಾಪ್ಟನ್ ಆಗಿ ಐಎಸ್‌ಎಲ್ ಕಪ್ಪೂ ಎತ್ತಿದ. ಆಮೇಲೆ ಎಲ್ಲಿಗೆ ಬಂದ? ಇಲ್ಲಿಗೇ. ಹೋದವನು ವಾಪಸ್ ಬಂದ ಅಂತ ನಾವು ಕುಣಿದೆವು. ಎಲ್ಲರಿಗಿಂತ ಜೋರಾಗಿ ಕುಣಿದವನು ನಾನು. ಮುಂದಿನ ವರ್ಷ ಆಶಿಕ್ ಕುರುಣಿಯನ್ ಕೂಡ ಹೀಗೇ ವಾಪಸ್ ಬಂದ. ತವರಿಗೆ ಬಾಣಂತನಕ್ಕೆ ಬಂದ ಹಾಗೆ ಅಂತ ಮಾವ ನಕ್ಕರು.

ಇದಕ್ಕೆ ಉಲ್ಟಾ ಕಥೆ ಮೀಕುದು. 2017-18ರಲ್ಲಿ, ನಮ್ಮ ಮೊದಲ ಐಎಸ್‌ಎಲ್ ಸೀಸನ್‌ನಲ್ಲಿ, ವೆನೆಜುವೆಲಾದ ಈ ಮನುಷ್ಯ 15 ಗೋಲು ಹೊಡೆದ, ಪಕ್ಕದಲ್ಲಿ ಸುನಿಲ್ ಛೆಟ್ರಿ 14. ಇಬ್ಬರೇ 29. ಕಪ್ ಗೆದ್ದ 2019ರ ಬೇಸಿಗೆಯಲ್ಲಿ ಮೀಕು ಹೊರಟ. ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ, ಕಪ್ಪಿನ ಗುಂಗು. ಇನ್ನೊಬ್ಬ ಬರುತ್ತಾನೆ ಬಿಡು ಅಂದುಕೊಂಡೆವು. ಬಂದರು ಕೂಡ. ಆದರೆ ಮುಂದಿನ ಸೀಸನ್ ಪೂರ್ತಿ ನಮ್ಮ ಡಿಫೆನ್ಸ್ ಕಲ್ಲಿನ ಗೋಡೆ, ಮುಂದುಗಡೆ ಮಾತ್ರ ಗೋಲಿಗೆ ಬರ. ಸೆಮಿಫೈನಲ್‌ನಲ್ಲಿ ಇಲ್ಲಿ 1-0 ಗೆದ್ದು ಕೋಲ್ಕತ್ತದಲ್ಲಿ 3-1 ಸೋತೆವು. ಒಬ್ಬ ಎದ್ದು ಹೋದ ಕುರ್ಚಿಯಲ್ಲಿ ಇನ್ನೊಬ್ಬನನ್ನು ಕೂರಿಸಿದರೆ ಅದೇ ಕೆಲಸ ಆಗುತ್ತದೆ ಅಂತ ಏನಿಲ್ಲ. ಮೀಕು ಎದುರು ತಂಡದ ಇಬ್ಬರು ಡಿಫೆಂಡರ್‌ಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದ, ಛೆಟ್ರಿ ಆ ಖಾಲಿ ಜಾಗಕ್ಕೆ ನುಗ್ಗುತ್ತಿದ್ದರು. ಆ ಖಾಲಿ ಜಾಗವನ್ನು ಯಾವ ಪಟ್ಟಿಯಲ್ಲಿ ಬರೆಯುವುದು?

ಮಾವನಿಗೆ ಈ ಪಟ್ಟಿ ಬರೆಯುವ ಚಟವೇ ವಿಚಿತ್ರ. ಅವರು ಐಟಿಐ ಟೆಲಿಫೋನ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು, ದೂರವಾಣಿನಗರದ ಕ್ವಾರ್ಟರ್ಸ್‌ನಲ್ಲಿ ಬೆಳೆದವರು. ಆಗ ಬೆಂಗಳೂರಿನ ಫುಟ್‌ಬಾಲ್ ಅಂದರೆ ಫ್ಯಾಕ್ಟರಿ ಟೀಮುಗಳು. ಐಟಿಐ, ಎಚ್‌ಎಎಲ್, ರಾಡಾರ್ ಲ್ಯಾಬಿನವರ ಎಲ್‌ಆರ್‌ಡಿಇ. "ಆಟಗಾರನಿಗೆ ಫ್ಯಾಕ್ಟರಿ ಕೆಲಸ ಸಿಕ್ತು ಅಂದ್ರೆ ಮುಗೀತಪ್ಪ, ಪಿಎಫ್ ತಗೊಳ್ಳೋವರೆಗೂ ಅವನು ಅಲ್ಲೇ. ಯಾರನ್ನ ಬಿಡೋದು ಅನ್ನೋ ಮಾತೇ ಇರ್ಲಿಲ್ಲ," ಅನ್ನುತ್ತಾರೆ. ಮಂಡಿ ನೋವು ಬಂದರೆ ಮೈದಾನ ಬಿಟ್ಟು ಮಷೀನ್ ಮುಂದೆ ನಿಲ್ಲುತ್ತಿದ್ದರು, ತಿಂಗಳ ಸಂಬಳ ಬರುತ್ತಿತ್ತು, ಸಂಜೆ ಹುಡುಗರಿಗೆ ಆಟ ಹೇಳಿಕೊಡುತ್ತಿದ್ದರು. ಅದೇ ಚೆನ್ನಾಗಿತ್ತು ಅಂತ ಮಾವ ಹೇಳುವುದಿಲ್ಲ. ಗೆಲ್ಲಲಿ ಸೋಲಲಿ ಅದೇ ಮುಖಗಳು, ಹೊಸ ಹುಡುಗನಿಗೆ ಕೆಲಸ ಖಾಲಿ ಆಗುವವರೆಗೂ ಆಟವೂ ಇಲ್ಲ ಅಂತ ಅವರೇ ಗೊಣಗುತ್ತಾರೆ.

ಮಾವನ ಇನ್ನೊಂದು ತಕರಾರು ಊರಿನ ಹುಡುಗರದು. ಇದರಲ್ಲಿ ನಾನು ಪೂರ್ತಿ ಅವರ ಕಡೆ. 1937ರಲ್ಲೇ ಮುಂಬೈನ ಹಳೆಯ ಟೂರ್ನಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡ ಈ ಊರಿನದು. ಹಲಸೂರಿನ ಹತ್ತಿರ ಗೌತಮಪುರದಲ್ಲಿ ಅಂಬೇಡ್ಕರ್ ಪ್ರತಿಮೆ ಇರುವ ಕಡೆಯೇ ಪೆಲೆ ಪ್ರತಿಮೆಯೂ ಇದೆ. ಇಂಥ ಊರಿನಲ್ಲಿ ನಮ್ಮ ತಂಡದ ಹನ್ನೊಂದರಲ್ಲಿ ಊರವರು ಎಷ್ಟು ಜನ ಅಂತ ಬೆರಳು ಮಡಿಸುತ್ತಾ ಹೋದರೆ ಎರಡನೇ ಬೆರಳಿಗೆ ಸಿಕ್ಕಿಹಾಕಿಕೊಳ್ಳುತ್ತೇವೆ. ಕ್ಲಬ್ ಏನೂ ಮಾಡಿಲ್ಲ ಅಂತಲ್ಲ. ಬಳ್ಳಾರಿ ಕಡೆ ವಿಜಯನಗರದಲ್ಲಿ ಅಕಾಡೆಮಿ ಇದೆ, ಮಣಿಪುರದ ರೋಷನ್ ಸಿಂಗ್ ನಮ್ಮಲ್ಲೇ ಬೆಳೆದು 2021-22ರಲ್ಲಿ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಅನ್ನಿಸಿಕೊಂಡ, ಮುಂದಿನ ವರ್ಷ ಅದೇ ಬಹುಮಾನ ನಮ್ಮ ತಂಡದ ಶಿವಶಕ್ತಿಗೆ, ತಮಿಳುನಾಡಿನ ಹುಡುಗ. ಇಬ್ಬರೂ ನಮ್ಮವರೇ, ಅದರಲ್ಲಿ ಎರಡು ಮಾತಿಲ್ಲ.

ಆದರೂ 2023ರ ಮಾರ್ಚ್ ಮೊದಲ ವಾರ ಮರೆಯುವುದಕ್ಕೆ ಆಗುವುದಿಲ್ಲ. 3ನೇ ತಾರೀಖು ಕಂಠೀರವದಲ್ಲಿ ಪ್ಲೇಆಫ್, ಎಕ್ಸ್‌ಟ್ರಾ ಟೈಮ್, ಛೆಟ್ರಿ ಥಟ್ಟನೆ ಫ್ರೀಕಿಕ್ ಹೊಡೆದರು, ಗೋಲು. ರೆಡಿ ಇರಲಿಲ್ಲ ಅಂತ ಕೇರಳ ಬ್ಲಾಸ್ಟರ್ಸ್ ತಂಡವೇ ಮೈದಾನ ಬಿಟ್ಟು ನಡೆಯಿತು. ದೇಶ ಪೂರ್ತಿ ಅದೇ ಮಾತು. ಮರುದಿನ, 4ನೇ ತಾರೀಖು, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷ ಆದಮೇಲೆ! ಕೊನೆಯ ಸಲ ಗೆದ್ದಾಗ ನಮ್ಮದು ಇನ್ನೂ ಮೈಸೂರು ರಾಜ್ಯ. ನಾವಂತೂ ಆ ದಿನ ಫ್ರೀಕಿಕ್ ನ್ಯಾಯವೋ ಅನ್ಯಾಯವೋ ಅಂತ ಜಗಳ ಆಡುತ್ತಿದ್ದೆವು. ರಿಯಾದ್ ಮ್ಯಾಚಿನ ಸ್ಕೋರ್ ನನಗೆ ಗೊತ್ತಾಗಿದ್ದು ಮಾರನೇ ದಿನ ಪೇಪರಿನಲ್ಲಿ. ಮುಂದಿನ ತಿಂಗಳು ಯಾರು ಬರಬೇಕು ಅಂತ ಪಟ್ಟಿ ಬರೆದಾಗ ಆ ತಂಡದ ಒಬ್ಬನೇ ಒಬ್ಬ ಹುಡುಗನ ಹೆಸರೂ ನಮ್ಮ ಬಾಯಿಗೆ ಬರಲಿಲ್ಲ. ಇದನ್ನು ಮಾವ ಈಗಲೂ ಎತ್ತಿ ಆಡುತ್ತಾರೆ, ಆಡಲಿ.

ಮತ್ತೆ ಆ ಬಿಲ್ಲಿಗೆ ಬರೋಣ. ನಾವೆಲ್ಲ ಲೋಟ ತಿರುಗಿಸುತ್ತಾ ನಿಂತಿದ್ದಾಗ ಮಾವನ ಮಗಳು ಮಧ್ಯದ ಕಾಲಂನಲ್ಲಿ ತಲೆ ತಗ್ಗಿಸಿ ಏನೋ ಬರೆದಳು. ಹಾಸನದವನು ಇಣುಕಿ ನೋಡಿ "ಅಯ್ಯೋ" ಅಂದ. ಸಣ್ಣ ಅಕ್ಷರದಲ್ಲಿ 'ಸುನಿಲ್' ಅಂತ ಬರೆದು ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿದ್ದಳು.

"ಏನೇ ಇದು?" ಮಾವನ ದನಿ ಎದ್ದಿತು. ಕ್ಯಾಷಿಯರ್ ತಿರುಗಿ ನೋಡಿದ.

"ಆಗಸ್ಟ್‌ಗೆ ನಲವತ್ತು ಆಗುತ್ತಪ್ಪ ಅವರಿಗೆ. ಯಾರೋ ಒಬ್ಬರು ಕೇಳ್ಬೇಕಲ್ಲ."

"2013ರಿಂದ ಇದಾನೆ ಕಣೇ. ಕ್ಲಬ್ ಹುಟ್ಟಿದಾಗಿಂದ. ಐಎಸ್‌ಎಲ್‌ಗೂ ಮುಂಚೆ, ಮೊದಲ ವರ್ಷಾನೇ ಐ ಲೀಗ್ ಗೆಲ್ಸಿದೋನು. ಇವನನ್ನ ತೆಗೀತಾಳಂತೆ."

"ತೆಗೀರಿ ಅಂದ್ನಾ? ಹಿಂದೆ ಯಾರಿದ್ದಾರೆ ಅಂತ ಕೇಳ್ದೆ ಅಷ್ಟೇ."

ಮಾವ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ನನ್ನ ಹತ್ತಿರ ಇರಲೂ ಇಲ್ಲ. ಬಿಲ್ ನನ್ನ ಜೇಬಿಗೆ ಸೇರಿತು.

ಮುಂದೆ ಆಗಿದ್ದು ಎಲ್ಲರಿಗೂ ಗೊತ್ತು. ಮೇ ತಿಂಗಳಲ್ಲಿ ಛೆಟ್ರಿ ಭಾರತ ತಂಡಕ್ಕೆ ವಿದಾಯ ಹೇಳುವ ವಿಡಿಯೋ ಹಾಕಿದರು, ಜೂನ್ 6ಕ್ಕೆ ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಕೊನೆಯ ಮ್ಯಾಚ್. ನೋಡಿದ್ರಾ, ನಾನು ಹೇಳಿರಲಿಲ್ಲವಾ ಅನ್ನುವ ಮುಖ ಮಾಡಿಕೊಂಡು ಮಾವನ ಮಗಳು ಓಡಾಡಿದಳು. ಆ ಬೇಸಿಗೆ ಕ್ಲಬ್ಬಿನವರೂ ಸುಮ್ಮನೆ ಕೂರಲಿಲ್ಲ. ಭೇಕೆ ಅಲ್ಲದೆ ನೊಗೆರಾ, ಪೆರೆಯ್ರಾ ಡಿಯಾಜ್ ಇಬ್ಬರೂ ಮುಂಬೈ ಕಡೆಯಿಂದ, ಜೊತೆಗೆ ಎಡ್ಗರ್ ಮೆಂಡೆಜ್, ಪೆಡ್ರೊ ಕಾಪೊ. ನಮ್ಮ ಬಲಗಡೆ ಕಾಲಂನಲ್ಲಿ ಇದ್ದ ಹೆಸರುಗಳಲ್ಲಿ ಒಂದೂ ಇಲ್ಲ, ಆದರೆ ಕೇಳಿದ ಜಾಗಗಳೆಲ್ಲ ತುಂಬಿದ್ದವು. ಹೆಸರು ಕೇಳಬಾರದು, ಜಾಗ ಕೇಳಬೇಕು ಅಂತ ಆವತ್ತಿಂದ ಹಾಸನದವನಿಗೆ ಪಾಠ ಮಾಡುತ್ತಿದ್ದೇನೆ. ಪಾಠ ಮಾಡುವವನೇ ಮತ್ತೆ ಹೆಸರು ಕೇಳುತ್ತಾನೆ, ಅದು ಬೇರೆ ವಿಷಯ.

ಇನ್ನು ಛೆಟ್ರಿ. 2024-25ರಲ್ಲಿ, ನಲವತ್ತು ತುಂಬಿದ ಮೇಲೆ, ಅವರು 14 ಗೋಲು ಹೊಡೆದರು. ಮೀಕು ಪಕ್ಕದಲ್ಲಿದ್ದ ಏಳು ವರ್ಷದ ಹಿಂದೆ ಹೊಡೆದಷ್ಟೇ. ಭಾರತ ತಂಡದವರು ಮನೆ ಬಾಗಿಲಿಗೆ ಬಂದು ವಾಪಸ್ ಕರೆದುಕೊಂಡು ಹೋದರು. ಸೆಮಿಫೈನಲ್‌ನಲ್ಲಿ ಗೋವಾ ಅವರ ಊರಲ್ಲಿ ನಮ್ಮ 2-0 ಮುನ್ನಡೆ ಅಳಿಸಿಹಾಕಿ ಒಟ್ಟು 2-2 ಆಗಿ ನಿಂತಿದ್ದಾಗ, ಇಂಜುರಿ ಟೈಮ್‌ನಲ್ಲಿ ಒಂದು ಕ್ರಾಸ್, ಒಂದು ಹೆಡರ್. ಯಾರದ್ದು ಅಂತ ಬೇರೆ ಹೇಳಬೇಕಾ? ಆ ರಾತ್ರಿ ಮಾವ ಮಗಳಿಗೆ ಫೋನ್ ಮಾಡಿ ಒಂದು ಮಾತೂ ಆಡದೆ ನಗುತ್ತಲೇ ಇದ್ದರಂತೆ.

ಫೈನಲ್ ಸೋತೆವು, ಕೋಲ್ಕತ್ತದಲ್ಲಿ ಮೋಹನ್ ಬಗಾನ್‌ಗೆ 2-1, ಎಕ್ಸ್‌ಟ್ರಾ ಟೈಮ್. ಅದರ ಬಗ್ಗೆ ಬರೆಯುವ ಮನಸ್ಸಿಲ್ಲ.

ನನ್ನ ಲೆಕ್ಕದಲ್ಲಿ ಅವಳು ಮನುಷ್ಯನ ವಿಷಯದಲ್ಲಿ ತಪ್ಪಿದಳು, ಪ್ರಶ್ನೆ ವಿಷಯದಲ್ಲಿ ತಪ್ಪಲಿಲ್ಲ. ಆ 14 ಗೋಲು ನೋಡಿ ನಾವು ಚಪ್ಪಾಳೆ ಹೊಡೆದು, ಆಹಾ ಇನ್ನೂ ಎರಡು ವರ್ಷ ಚಿಂತೆ ಇಲ್ಲ ಅಂದುಕೊಂಡೆವು. ಅಜ್ಜ ಗಟ್ಟಿಮುಟ್ಟಾಗಿದ್ದಾರೆ ಅಂತ ಮನೆಯಲ್ಲಿ ಯಾರೂ ಅಡಿಕೆ ಮರ ಹತ್ತುವುದನ್ನು ಕಲಿಯದ ಹಾಗೆ.

2025ರ ಬೇಸಿಗೆಯಲ್ಲಿ ಪಟ್ಟಿಯನ್ನೇ ಬರೆಯಲಿಲ್ಲ. ಜುಲೈನಲ್ಲಿ ಲೀಗ್ ನಡೆಸುವ ಕಂಪನಿಯವರು ಸೀಸನ್ ತಡೆಹಿಡಿದಿದ್ದೇವೆ ಅಂದರು. ಫೆಡರೇಷನ್ ಜೊತೆಗಿನ ಅವರ ಒಪ್ಪಂದ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು, ಮುಂದೇನು ಅಂತ ಯಾರಿಗೂ ಗೊತ್ತಿರಲಿಲ್ಲ. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ಬು ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸುತ್ತಿದ್ದೇವೆ ಅಂತ ಪ್ರಕಟಣೆ ಹೊರಡಿಸಿತು. ಯಾರು ಹೋಗಬೇಕು, ಯಾರು ಬರಬೇಕು ಅಂತ ದೋಸೆ ತಿನ್ನುತ್ತಾ ಗೀಚುವುದಕ್ಕೆ ನಾಚಿಕೆ ಆಯಿತು. ಕಟ್ಟುವ ಬಾಡಿಗೆ, ಮಕ್ಕಳ ಫೀಸು ಎಲ್ಲ ಅವರಿಗೂ ಇರುತ್ತದಲ್ಲ. "ಫ್ಯಾಕ್ಟರಿ ಆಗಿದ್ರೆ ಗೇಟ್ ಮುಂದೆ ಕೂತಿರ್ತಿದ್ವಿ," ಅಂದರು ಮಾವ.

ಆ ಬರಗಾಲದಲ್ಲೂ ಒಂದು ಸುದ್ದಿ ಬಂತು, ಪಟ್ಟಿ ಹುಚ್ಚರಿಗೆ ಹಬ್ಬ. 2023ರಿಂದ ನಮ್ಮಲ್ಲಿ ಆಡುತ್ತಿದ್ದ ರಯಾನ್ ವಿಲಿಯಮ್ಸ್, ತಾಯಿ ಕಡೆಯಿಂದ ಮುಂಬೈನ ಆಂಗ್ಲೋ ಇಂಡಿಯನ್ ಮನೆತನ, ಆಸ್ಟ್ರೇಲಿಯಾ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ತೆಗೆದುಕೊಂಡ. ಭಾವನೆ ಎಲ್ಲ ಸರಿ, ನಮ್ಮ ಹುಡುಗಿ ಮೊದಲು ಕಳಿಸಿದ ಮೆಸೇಜ್ ಮಾತ್ರ ಬರೀ ಲೆಕ್ಕ: 'ಒಂದು ಫಾರಿನ್ ಜಾಗ ಖಾಲಿ'. ಅದೂ ಒಬ್ಬ ಫಾರ್ವರ್ಡ್. ಯಾರನ್ನೂ ಕಳಿಸದೆ ಒಂದು ಕುರ್ಚಿ ಸಿಕ್ಕಿದ್ದು ನಾನು ನೋಡಿದಂತೆ ಇದೊಂದೇ ಸಲ.

2026ರ ಜನವರಿಯಲ್ಲಿ, ಫೆಬ್ರುವರಿ 14ರಿಂದ ಲೀಗ್ ಶುರು ಅಂತ ಪ್ರಕಟಣೆ ಬಂದ ವಾರ, ಬೀರುವಿನಿಂದ ನೀಲಿ ಜರ್ಸಿ ತೆಗೆದೆ. ಜೊತೆಗಿದ್ದ ಹಳೆ ಪ್ಯಾಂಟಿನ ಜೇಬಿನಲ್ಲಿ ಆ ಬಿಲ್ ಸಿಕ್ಕಿತು. ಒಂದು ಕಡೆ ಪೂರ್ತಿ ಬಿಳಿ. ಮಷೀನ್ ಪ್ರಿಂಟ್ ಎಲ್ಲ ಅಳಿಸಿಹೋಗಿದೆ. ದೋಸೆ ಎಷ್ಟು, ಕಾಫಿ ಎಷ್ಟು, ಯಾವ ತಾರೀಖು, ಒಂದೂ ಕಾಣುವುದಿಲ್ಲ. ಹಿಂದಿನ ಪೆನ್ನಿನ ಬರಹ ಹಾಗೇ ಇದೆ, ಪ್ರಶ್ನೆ ಗುರುತಿನ ಸಮೇತ.

ಭಾನುವಾರ ಮಾವನ ಮನೆಗೆ ತೆಗೆದುಕೊಂಡು ಹೋದೆ. ಕನ್ನಡಕ ಹಾಕಿಕೊಂಡು ಮೂರೂ ಕಾಲಂ ಓದಿದರು. ಮಧ್ಯದಲ್ಲಿ ಜಾಸ್ತಿ ಹೊತ್ತು ನಿಂತರು. ಈ ಸಲ ಹೊಸ ಕಾಗದದ ಮೇಲೆ ಬರೆಯೋಣ ಮಾವ ಅಂದೆ.

"ಯಾಕೆ, ಇದರಲ್ಲೇ ಜಾಗ ಐತಲ್ಲ," ಅಂದರು. ಬಿಲ್ ಮಗುಚಿ ಖಾಲಿ ಇದ್ದ ಕಡೆ ಮೇಲೆ ಮಾಡಿ, ಪೆನ್ ಕೊಡೇ ಅಂತ ಮಗಳನ್ನು ಕೂಗಿದರು.